ಪಶುವೈದ್ಯರಾಗಲು ಏನು ಓದಬೇಕು? ಹಾಸನ, ಚಿಕ್ಕಮಗಳೂರಿನ ಮಕ್ಕಳೂ ಪೋಷಕರೂ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರದಿಂದ ನಮ್ಮ ಪಶು ಆಸ್ಪತ್ರೆಯ ಮುಂದೆ ಎರಡು ಬಗೆಯ ಜನ ನಿಲ್ಲುತ್ತಾರೆ. ಹಸು ಹಿಡಿದುಕೊಂಡು ಬಂದವರು ಒಂದು ಬಗೆ, ಅಂಕಪಟ್ಟಿ ಹಿಡಿದುಕೊಂಡು ಬಂದವರು ಇನ್ನೊಂದು ಬಗೆ. ಎರಡನ್ನೂ ಹಿಡಿದು ಬಂದವರೂ ಉಂಟು. ಟ್ರೆವಿಸ್ಸಿನಲ್ಲಿ, ಅಂದರೆ ಹಸು ಅಲುಗಾಡದಂತೆ ಹಿಡಿದಿಡುವ ಕಟಕಟೆಯಲ್ಲಿ, ಹಸುವನ್ನು ನಿಲ್ಲಿಸಿ, ಗಬ್ಬದ ಪರೀಕ್ಷೆಗೆಂದು ನನ್ನ ಕೈ ಭುಜದವರೆಗೆ ಅದರೊಳಗೆ ಹೋಗಿರುವಾಗಲೇ, "ಡಾಕ್ಟರೇ, ನಮ್ಮ ಹುಡುಗಿಗೆ ಬಯಾಲಜಿಯಲ್ಲಿ ತೊಂಬತ್ತೆರಡು ಬಂದಿದೆ, ನಿಮ್ಮ ಕೋರ್ಸಿಗೆ ಸೇರಿಸಲು ಏನು ಮಾಡಬೇಕು?" ಎಂದು ಕೇಳುತ್ತಾರೆ. ಆ ಭಂಗಿಯಲ್ಲಿ ನಿಂತು ಸಮಾಧಾನವಾಗಿ ಉತ್ತರ ಹೇಳಲು ಯಾರಿಂದಲೂ ಆಗದು. ಅಲ್ಲಿ ಅರ್ಧಕ್ಕೆ ನಿಂತ ಉತ್ತರಗಳನ್ನೆಲ್ಲ ಇಲ್ಲಿ ಪೂರ್ತಿ ಮಾಡಿದ್ದೇನೆ.

ಕೋರ್ಸಿನ ಹೆಸರೇನು? ಎಷ್ಟು ವರ್ಷ ಓದಬೇಕು?

ಬಿ.ವಿ.ಎಸ್‌ಸಿ. ಅಂಡ್ ಎ.ಎಚ್. ಎಂದರೆ ಪಶುವೈದ್ಯಕೀಯ ವಿಜ್ಞಾನ ಮತ್ತು ಪಶುಸಂಗೋಪನೆಯ ಪದವಿ. ಹೆಸರಿನ ಎರಡನೆಯ ಭಾಗವನ್ನು ಎಲ್ಲರೂ ನುಂಗಿಬಿಡುತ್ತಾರೆ, ಆದರೆ ಓದಿನಲ್ಲಿ ಅದರ ಪಾಲು ಸಣ್ಣದಲ್ಲ. ರೋಗಕ್ಕೆ ಮದ್ದು ಕೊಡುವುದು ಎಷ್ಟು ಮುಖ್ಯವೋ ಮೇವು, ತಳಿ, ಕೊಟ್ಟಿಗೆ, ಹಾಲು, ಮಾಂಸ, ಮೊಟ್ಟೆ ಇವುಗಳ ಲೆಕ್ಕವೂ ಅಷ್ಟೇ ಮುಖ್ಯ.

ಒಟ್ಟು ಐದೂವರೆ ವರ್ಷ. ನಾಲ್ಕೂವರೆ ವರ್ಷ ಪಾಠ ಮತ್ತು ಪ್ರಾಯೋಗಿಕ ತರಗತಿ, ಕೊನೆಯ ಒಂದು ವರ್ಷ ಕಡ್ಡಾಯ ಇಂಟರ್ನ್‌ಶಿಪ್. ಇದನ್ನು ನಿಗದಿ ಮಾಡಿರುವುದು ಭಾರತೀಯ ಪಶುವೈದ್ಯಕೀಯ ಪರಿಷತ್ತಿನ 2016ರ ನಿಯಮಾವಳಿ. ದೇಶದ ಯಾವ ಕಾಲೇಜಿಗೆ ಹೋದರೂ ಪಠ್ಯದ ಚೌಕಟ್ಟು ಒಂದೇ. ಶೇಕಡ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. "ಕಾಲೇಜಿಗೆ ಹೆಸರು ಹಚ್ಚಿ ಮನೆಯಲ್ಲಿ ತೋಟ ನೋಡಿಕೊಳ್ಳುತ್ತಾನೆ" ಎನ್ನುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ.

ಪಿಯುಸಿಯಲ್ಲಿ ಯಾವ ವಿಷಯ ಓದಿರಬೇಕು? ಎಷ್ಟು ಅಂಕ ಬೇಕು?

ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್. ಈ ನಾಲ್ಕರಲ್ಲೂ ಬೇರೆ ಬೇರೆಯಾಗಿ ಪಾಸಾಗಿರಬೇಕು. ನಾಲ್ಕೂ ಸೇರಿ ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇಕಡ 50 ಅಂಕ ಇರಬೇಕು, ಮೀಸಲು ವರ್ಗದವರಿಗೆ ಇದರಲ್ಲಿ ರಿಯಾಯಿತಿ ಇದೆ. ಇಂಗ್ಲಿಷನ್ನು ಲೆಕ್ಕಕ್ಕೆ ಹಿಡಿಯುತ್ತಾರೆ ಎನ್ನುವುದು ಬಹಳ ಮಂದಿಗೆ ಗೊತ್ತಿರುವುದಿಲ್ಲ. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಒಂದನೇ ತರಗತಿಗೆ ಅವಸರದಲ್ಲಿ ಬೇಗ ಸೇರಿಸಿದ ಮಕ್ಕಳು ಜನ್ಮದಿನಾಂಕವನ್ನು ಒಮ್ಮೆ ನೋಡಿಕೊಳ್ಳಲಿ.

ಐವತ್ತು ಎನ್ನುವುದು ಅರ್ಜಿ ಹಾಕುವ ಅರ್ಹತೆ ಮಾತ್ರ. ಐವತ್ತು ಪರ್ಸೆಂಟಿಗೆ ಸೀಟು ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಅವರು ಹಳೆಯ ಕಾಲದ ನೆನಪಿನಲ್ಲಿ ಹೇಳುತ್ತಿದ್ದಾರೆ ಅಥವಾ ನಿಮ್ಮಿಂದ ದುಡ್ಡು ಕೀಳುವ ಯೋಚನೆಯಲ್ಲಿದ್ದಾರೆ.

ಗಣಿತ ಬೇಡವೇ?

ಪ್ರವೇಶಕ್ಕೆ ಬೇಡ. ಆದರೆ ಮುನ್ನೂರೈವತ್ತು ಕಿಲೋ ತೂಗುವ ಹಸುವಿಗೆ ಎಷ್ಟು ಮಿಲಿ ಔಷಧ ಎಂಬ ಲೆಕ್ಕವನ್ನು ಕೊಟ್ಟಿಗೆಯಲ್ಲಿ ನಿಂತು ಬಾಯಲ್ಲೇ ಹಾಕಬೇಕಾಗುತ್ತದೆ. ತಳಿಶಾಸ್ತ್ರದಲ್ಲಿ ಸಂಖ್ಯಾಶಾಸ್ತ್ರವೂ ಬರುತ್ತದೆ. ಭಾಗಾಕಾರ ಕಂಡರೆ ಓಡುವವರಿಗೆ ಸ್ವಲ್ಪ ಕಷ್ಟ.

ಪ್ರಾಣಿಗಳಿಗೆ ಔಷಧ ಕೊಡಲು ಇಷ್ಟೊಂದು ಕೆಮಿಸ್ಟ್ರಿ ಏಕೆ ಓದಬೇಕು?

ಇದನ್ನು ಕೇಳಿದ್ದು ಚನ್ನರಾಯಪಟ್ಟಣ ಕಡೆಯ ಒಬ್ಬ ಹುಡುಗ. ಅದಕ್ಕೆ ಉತ್ತರ ಅವನ ಮನೆಯ ಕೊಟ್ಟಿಗೆಯಲ್ಲೇ ಸಿಕ್ಕಿತು.

ಕರು ಹಾಕಿ ಎರಡು ದಿನವಾಗಿದ್ದ ಎಚ್‌ಎಫ್, ಅಂದರೆ ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ ಹಸು. ರಾತ್ರಿ ಹನ್ನೊಂದಕ್ಕೆ ಫೋನು. ನಾನು ಹೋಗುವಷ್ಟರಲ್ಲಿ ನೆಲಕ್ಕೆ ಒರಗಿ, ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿತ್ತು. ಮುಟ್ಟಿದರೆ ಕಿವಿ ತಣ್ಣಗೆ, ಮೂಗು ಒಣಗಿದೆ, ಸಗಣಿ ಇಲ್ಲ, ಮೆಲುಕಿಲ್ಲ. ಇದಕ್ಕೆ ಹಾಲು ಜ್ವರ ಎಂದು ಹೆಸರು. ಆದರೆ ಇದರಲ್ಲಿ ಜ್ವರವೇ ಇರುವುದಿಲ್ಲ, ಮೈ ಕಾಯುವ ಬದಲು ಆರಿರುತ್ತದೆ. ಹೆಚ್ಚು ಹಾಲು ಕೊಡುವ ಹಸು ಕರು ಹಾಕಿದ ಕೂಡಲೇ ರಕ್ತದಲ್ಲಿರುವ ಕ್ಯಾಲ್ಸಿಯಂ ಗಿಣ್ಣು ಹಾಲಿನತ್ತ ಹರಿದುಬಿಡುತ್ತದೆ, ಮೂಳೆಯಿಂದ ಅಷ್ಟೇ ಬೇಗ ಬಂದು ತುಂಬಿಕೊಳ್ಳುವುದಿಲ್ಲ. ಕ್ಯಾಲ್ಸಿಯಂ ಕಡಿಮೆಯಾದರೆ ಸ್ನಾಯು ಕೆಲಸ ಮಾಡದು, ಹಸು ಏಳಲಾರದು.

ಕ್ಯಾಲ್ಸಿಯಂ ಬೋರೋಗ್ಲೂಕೊನೇಟ್ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಮೈ ಬಿಸಿಗೆ ತಂದು, ಕತ್ತಿನ ರಕ್ತನಾಳಕ್ಕೆ ಸೂಜಿ ಹಾಕಿದೆ. ಬಾಟಲಿ ಹಿಡಿದುಕೊಂಡದ್ದು ಆ ಹುಡುಗ. "ಇನ್ನೂ ಸ್ವಲ್ಪ ಮೇಲೆತ್ತಲಾ, ಬೇಗ ಹೋಗುತ್ತದೆ" ಎಂದ. ಬೇಗ ಹೋದರೆ ಹೃದಯವೇ ನಿಂತುಹೋಗುತ್ತದೆ. ಒಂದು ಕೈಯಲ್ಲಿ ಸ್ಟೆಥಾಸ್ಕೋಪನ್ನು ಎದೆಗೆ ಒತ್ತಿ ಹಿಡಿದು, ಬಡಿತ ತಪ್ಪಿದ ಹಾಗೆ ಕೇಳಿಸಿದಾಗಲೆಲ್ಲ ಬಾಟಲಿ ತಗ್ಗಿಸು ಎಂದು ಅವನಿಗೆ ಹೇಳುತ್ತಾ ಕೂತೆ. ಬಾಟಲಿ ಮುಗಿಯುವ ಹೊತ್ತಿಗೆ ಹಸುವಿನ ಮೈ ಸಣ್ಣಗೆ ನಡುಗಿತು, ಒಂದು ತೇಗು ಬಂತು, ಸಗಣಿ ಹಾಕಿತು. ಅರ್ಧ ಗಂಟೆಯಲ್ಲಿ ಹಿಂಗಾಲು ಊರಿ ಎದ್ದು ನಿಂತಿತು. ಹುಡುಗನ ಅಜ್ಜಿ ಅಷ್ಟರಲ್ಲಿ ಹಾಸನಾಂಬೆಗೆ ಹರಕೆ ಹೊತ್ತಾಗಿತ್ತು, ಆದ್ದರಿಂದ ಕೀರ್ತಿಯಲ್ಲಿ ನನಗೆ ಅರ್ಧ ಪಾಲು ಮಾತ್ರ.

ಆ ಹುಡುಗ ಆಮೇಲೆ ಕೆಮಿಸ್ಟ್ರಿಯ ಬಗ್ಗೆ ಮಾತೆತ್ತಲಿಲ್ಲ.

ಸಿಇಟಿ ಬರೆಯಬೇಕೋ ನೀಟ್ ಬರೆಯಬೇಕೋ?

ಆಗುವುದಾದರೆ ಎರಡನ್ನೂ ಬರೆಯಿರಿ. ಎರಡು ದಾರಿ ಬೇರೆ ಬೇರೆ.

ರಾಜ್ಯದ ಪಾಲಿನ ಸೀಟುಗಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ, ಅಂದರೆ ನಾವೆಲ್ಲ ಕೆಇಎ ಎನ್ನುವ ಸಂಸ್ಥೆಯ ಮೂಲಕ, ಸಿಇಟಿ ರ‍್ಯಾಂಕಿನ ಮೇಲೆ ಹಂಚಿಕೆಯಾಗುತ್ತವೆ. ಪಶುವೈದ್ಯಕೀಯಕ್ಕೆ ಪ್ರತ್ಯೇಕ ರ‍್ಯಾಂಕ್ ಪಟ್ಟಿ ಇರುತ್ತದೆ. ಭೌತ, ರಸಾಯನ, ಜೀವಶಾಸ್ತ್ರಗಳಲ್ಲಿ ಪಿಯುಸಿಯ ಅಂಕಕ್ಕೆ ಅರ್ಧ ತೂಕ, ಸಿಇಟಿಯ ಅಂಕಕ್ಕೆ ಅರ್ಧ ತೂಕ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಪಿಯುಸಿ ಅಂಕವನ್ನು ಕಡೆಗಣಿಸಿ ಸಿಇಟಿ ಕೋಚಿಂಗಿನ ಹಿಂದೆ ಬಿದ್ದವರು ಈ ಅರ್ಧ ತೂಕದಲ್ಲೇ ಹಿಂದೆ ಬೀಳುವುದನ್ನು ನೋಡಿದ್ದೇನೆ.

ಪ್ರತಿ ರಾಜ್ಯದ ಕಾಲೇಜುಗಳಲ್ಲಿ ಶೇಕಡ 15 ಸೀಟುಗಳು ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ಅವು ನೀಟ್ ಅಂಕದ ಮೇಲೆ. ಅದರ ಕೌನ್ಸೆಲಿಂಗ್ ನಡೆಸುವುದು ಭಾರತೀಯ ಪಶುವೈದ್ಯಕೀಯ ಪರಿಷತ್ತು. ಎಂಬಿಬಿಎಸ್‌ಗೆ ನೋಂದಾಯಿಸಿಕೊಂಡರೆ ಇದಕ್ಕೂ ಆಯಿತು ಎಂದುಕೊಂಡು ಸುಮ್ಮನಿದ್ದು ಕೆಟ್ಟವರಿದ್ದಾರೆ. ಇದಕ್ಕೆ ಬೇರೆಯೇ ಅರ್ಜಿ ಹಾಕಬೇಕು. ನೀಟ್‌ನಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಸಿಇಟಿಯ ಧೈರ್ಯವನ್ನು ಅಲ್ಲಿ ತೋರಿಸಬೇಡಿ.

ನಿಯಮಗಳು ವರ್ಷದಿಂದ ವರ್ಷಕ್ಕೆ ತಿದ್ದುಪಡಿಯಾಗುತ್ತವೆ. ಆ ವರ್ಷದ ಕೆಇಎ ಮಾಹಿತಿ ಪುಸ್ತಕವನ್ನು ಮಕ್ಕಳಿಗೆ ಬಿಡದೆ ನೀವೇ ಒಮ್ಮೆ ಕೂತು ಓದಿ. ಕನ್ನಡದಲ್ಲೂ ಇರುತ್ತದೆ.

ಕೃಷಿಕರ ಕೋಟಾ ಎಂದರೇನು? ನಮಗೆ ಎರಡು ಎಕರೆ ಇದೆ, ಸಿಗುತ್ತದೆಯೇ?

ನಮ್ಮ ಜಿಲ್ಲೆಗಳ ಮಕ್ಕಳಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಇದೇ, ಎಲ್ಲಕ್ಕಿಂತ ಹೆಚ್ಚು ಕೈತಪ್ಪಿ ಹೋಗುವುದೂ ಇದೇ. ಕೃಷಿ, ತೋಟಗಾರಿಕೆ, ಪಶುವೈದ್ಯಕೀಯದಂಥ ಕೋರ್ಸುಗಳಲ್ಲಿ ರೈತ ಕುಟುಂಬದ ಮಕ್ಕಳಿಗೆಂದು ಸೀಟುಗಳನ್ನು ತೆಗೆದಿಟ್ಟಿರುತ್ತಾರೆ. ಇದಕ್ಕೆ ಮೂರು ಕೆಲಸ ಆಗಬೇಕು. ಸಿಇಟಿ ಅರ್ಜಿ ತುಂಬುವಾಗಲೇ ಈ ಕೋಟಾ ಬೇಕೆಂದು ನಮೂದಿಸಬೇಕು. ಕೃಷಿ ಕುಟುಂಬ ಎನ್ನುವುದಕ್ಕೆ ಕಂದಾಯ ಇಲಾಖೆಯ ಪ್ರಮಾಣಪತ್ರ ಬೇಕು. ಪ್ರಾಯೋಗಿಕ ಪರೀಕ್ಷೆಗೆ ಹಾಜರಾಗಬೇಕು. ಮೂರರಲ್ಲಿ ಒಂದು ತಪ್ಪಿದರೂ ಕೋಟಾ ಇಲ್ಲ.

ಪ್ರಾಯೋಗಿಕ ಪರೀಕ್ಷೆ ಎಂದ ಕೂಡಲೇ ಮಕ್ಕಳು ಹೆದರುತ್ತಾರೆ. ಅಲ್ಲಿ ಬೀಜ, ಬೆಳೆ, ಗೊಬ್ಬರ, ಕೀಟ, ಉಪಕರಣಗಳನ್ನು ಇಟ್ಟಿರುತ್ತಾರೆ, ನೋಡಿ ಗುರುತಿಸಬೇಕು. ರಾಗಿಗೂ ಸಾಸಿವೆಗೂ ವ್ಯತ್ಯಾಸ ಗೊತ್ತಿಲ್ಲದ ರೈತನ ಮಗನನ್ನು ನಾನೇ ಕಂಡಿದ್ದೇನೆ. ಹಾಸ್ಟೆಲಿನಲ್ಲಿಟ್ಟು ಓದಿಸಿದರೆ ಆಗುವುದು ಹೀಗೆ. ರಜೆಯಲ್ಲಿ ಊರಿಗೆ ಬಂದಾಗ ಹೊಲಕ್ಕೆ ಕರೆದುಕೊಂಡು ಹೋಗಿ. ಹುರುಳಿ, ಅಲಸಂದೆ, ಹೆಸರು, ಉದ್ದುಗಳನ್ನು ಅಂಗೈಯಲ್ಲಿ ಹಾಕಿ ಕೇಳಿ. ಕೂರಿಗೆ, ಕುಂಟೆ, ಹಲುಬೆ ಯಾವುದು ಎಂದು ಅಜ್ಜನಿಂದ ಹೇಳಿಸಿ. ಎರಡು ವಾರ ಹೀಗೆ ಮಾಡಿದರೆ ದುಡ್ಡು ಕೊಟ್ಟು ಕೋಚಿಂಗಿಗೆ ಕಳಿಸುವುದೇ ಬೇಡ.

ಜಮೀನು ಎಷ್ಟಿದೆ ಎನ್ನುವುದಕ್ಕಿಂತ ಪತ್ರ ಸರಿ ಇದೆಯೇ ಎನ್ನುವುದು ದೊಡ್ಡ ಪ್ರಶ್ನೆ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಪೌತಿ ಖಾತೆ ಆಗಬೇಕಿದ್ದರೆ ಮಗ ಪ್ರಥಮ ಪಿಯುಸಿಯಲ್ಲಿದ್ದಾಗಲೇ ಅರ್ಜಿ ಕೊಡಿ. ಪರೀಕ್ಷೆ ಮುಗಿದ ಮೇಲೆ ನಾಡಕಚೇರಿಗೆ ಓಡಿದರೆ ಅಲ್ಲಿ ನಿಮ್ಮ ಮುಂದೆ ಇಡೀ ಹೋಬಳಿ ನಿಂತಿರುತ್ತದೆ.

ಗ್ರಾಮೀಣ ಕೃಪಾಂಕ, ಕನ್ನಡ ಮಾಧ್ಯಮ ಮೀಸಲಾತಿ ಇದೆಯೇ?

ಇದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಶೇಕಡ 15, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5. ಇದು ಕೃಪಾಂಕವಲ್ಲ, ಸೀಟುಗಳಲ್ಲಿ ಪಾಲು. ಶಾಲೆಯ ಮುಖ್ಯೋಪಾಧ್ಯಾಯರು ಕೊಟ್ಟ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ನಡುವೆ ಒಂದು ವರ್ಷ ಪಟ್ಟಣದ ಶಾಲೆಗೆ ಹೋಗಿ ಬಂದಿದ್ದರೂ ಗ್ರಾಮೀಣ ಮೀಸಲು ಹೋಯಿತು. ಸಾಮಾನ್ಯ ವರ್ಗದ ಮಕ್ಕಳಿಗೆ ಕುಟುಂಬದ ಆದಾಯದ ಷರತ್ತೂ ಇರುತ್ತದೆ. ಜಾತಿ, ಆದಾಯ ಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬುವಾಗ ಒಂದು ಅಂಕಿ ತಪ್ಪಿದರೂ ಪರದಾಟ, ಅದನ್ನು ಇಬ್ಬರು ಕೂತು ಓದಿ ನೋಡಿಕೊಳ್ಳಿ.

ಯಾವ ಯಾವ ಕಾಲೇಜುಗಳಿವೆ? ಹಾಸನದ್ದೇ ಸಿಗುವ ಹಾಗೆ ಮಾಡಬಹುದೇ?

ರಾಜ್ಯದ ಪಶುವೈದ್ಯಕೀಯ ಕಾಲೇಜುಗಳು ಬೀದರ್‌ನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಎಲ್ಲಕ್ಕಿಂತ ಹಳೆಯದು ಬೆಂಗಳೂರು ಹೆಬ್ಬಾಳದ್ದು, 1958ರದು. ಬೀದರ್, ಶಿವಮೊಗ್ಗ, ಹಾಸನ, ಗದಗದಲ್ಲೂ ಇವೆ, ಈಚೆಗೆ ಇನ್ನೂ ಕೆಲವು ಸೇರಿಕೊಂಡಿವೆ. ನಾನು ಓದುವಾಗ ಹಾಸನದಲ್ಲಿ ಕಾಲೇಜು ಇರಲಿಲ್ಲ. ಟ್ರಂಕು ಹೊತ್ತು ಹೆಬ್ಬಾಳಕ್ಕೆ ಹೋಗಿದ್ದೆ. ಈಗಿನ ಮಕ್ಕಳಿಗೆ ವಿದ್ಯಾನಗರದಲ್ಲೇ ಇದೆ.

ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ಕೆಇಎಗೆ ತಿಳಿಸುವಾಗ, ನೀವು ಮೊದಲು ಹಾಕಿದ ಕಾಲೇಜು ನಿಮ್ಮ ರ‍್ಯಾಂಕಿಗೆ ಎಟುಕಿದರೆ ಸಿಗುತ್ತದೆ, ಇಲ್ಲದಿದ್ದರೆ ಮುಂದಿನದು. ನಿಜವಾದ ಹಂಚಿಕೆಗೆ ಮೊದಲು ಅಣಕು ಹಂಚಿಕೆಯ ಪಟ್ಟಿ ಬಂದಾಗ ಗಾಬರಿಯಾಗಿ ಕ್ರಮವನ್ನೆಲ್ಲ ಕಲಸಬೇಡಿ. ಮೊದಲ ಸುತ್ತಿನಲ್ಲಿ ದೂರದ ಕಾಲೇಜು ಸಿಕ್ಕಿದ್ದು ಹತ್ತಿರದ್ದಕ್ಕೆ ಕಾಯಬೇಕೆಂದರೆ, ಸಿಕ್ಕಿದ್ದನ್ನು ಉಳಿಸಿಕೊಂಡು ಮುಂದಿನ ಸುತ್ತಿಗೆ ಹೋಗುವ ಆಯ್ಕೆ ಇರುತ್ತದೆ. ಸಿಕ್ಕಿದ್ದನ್ನು ಬಿಟ್ಟುಕೊಟ್ಟು ಹೋಗುವ ಆಯ್ಕೆ ಬೇರೆ. ಎರಡನ್ನೂ ಅದಲುಬದಲು ಮಾಡಿಕೊಂಡು ಅತ್ತವರಿದ್ದಾರೆ. ಬೀದರ್‌ನಲ್ಲಿ ಹೆಚ್ಚಿನ ಸೀಟುಗಳು ಸಂವಿಧಾನದ 371 ಜೆ ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಮೀಸಲು ಎಂಬುದೂ ನೆನಪಿರಲಿ.

ಇನ್ನು, "ಮೇಲಿನಿಂದ ಫೋನ್ ಮಾಡಿಸಿದರೆ ಹಾಸನದ್ದೇ ಆಗುತ್ತದಂತೆ" ಎನ್ನುವ ಮಾತು. ಹಂಚಿಕೆ ಮಾಡುವುದು ಕಂಪ್ಯೂಟರು, ಅದಕ್ಕೆ ಫೋನಿಲ್ಲ. ಬಸ್‌ ನಿಲ್ದಾಣದ ಹೋಟೆಲಿನಲ್ಲಿ ಕೂತು ಮುಂಗಡ ಕೇಳುವ ಪುಣ್ಯಾತ್ಮರಿಗೆ ಒಂದು ಕಾಫಿ ಕೊಡಿಸಿ ಕಳಿಸಿಬಿಡಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬಹಳ ಕಷ್ಟವಾಗುತ್ತದೆಯೇ?

ಮೊದಲ ಆರು ತಿಂಗಳು ಆಗುತ್ತದೆ. ಪಾಠವೂ ಪರೀಕ್ಷೆಯೂ ಇಂಗ್ಲಿಷಿನಲ್ಲಿ. ಮೊದಲ ವರ್ಷದ ಅಂಗರಚನಾಶಾಸ್ತ್ರ ಇಂಗ್ಲಿಷೂ ಅಲ್ಲ, ಮುಕ್ಕಾಲು ಪಾಲು ಲ್ಯಾಟಿನ್. ಫಾರ್ಮಲಿನ್ ವಾಸನೆಗೆ ಕಣ್ಣೀರು ಸುರಿಸಿಕೊಂಡು, ಎತ್ತಿನ ಮುಂಗಾಲಿನ ಒಂದೊಂದು ಮೂಳೆಯ ಒಂದೊಂದು ಉಬ್ಬಿಗೂ ತಗ್ಗಿಗೂ ಹೆಸರು ಕಲಿಯಬೇಕು. ಅಲ್ಲಿ ಬೆಂಗಳೂರಿನ ಕಾನ್ವೆಂಟಿನ ಹುಡುಗಿಯೂ ಕಡೂರಿನ ಸರ್ಕಾರಿ ಶಾಲೆಯ ಹುಡುಗನೂ ಒಂದೇ ದೋಣಿಯಲ್ಲಿರುತ್ತಾರೆ.

ಮೂರನೆಯ ವರ್ಷ ಆಸ್ಪತ್ರೆಯ ಕೆಲಸ ಶುರುವಾದಾಗ ಲೆಕ್ಕ ತಿರುಗುತ್ತದೆ. ನಮ್ಮ ರೋಗಿಗೆ ಬಾಯಿಲ್ಲ. ಅದರ ಪರವಾಗಿ ಮಾತಾಡುವವರು ಮನೆಯವರು, ಅವರು ಆಡುವುದು ಕೊಟ್ಟಿಗೆಯ ಕನ್ನಡ. "ನಿನ್ನೆಯಿಂದ ಮೇವು ಬಿಟ್ಟಿದೆ", "ಸತ್ತೆ ಬಿದ್ದಿಲ್ಲ", "ಬೆದೆಗೆ ಬಂದದ್ದು ಗೊತ್ತೇ ಆಗಲಿಲ್ಲ", "ಕೆಚ್ಚಲು ಕಲ್ಲಾಗಿದೆ" ಎಂದರೆ ಊರಿನ ಹುಡುಗ ಅರ್ಧ ರೋಗವನ್ನು ಅಲ್ಲೇ ಹಿಡಿದಿರುತ್ತಾನೆ. ಕಾನ್ವೆಂಟಿನವರು ಸತ್ತೆ ಎಂದರೆ ಏನು ಎಂದು ಕೇಳಿ, ಕರು ಹಾಕಿದ ಮೇಲೆ ಬೀಳುವ ಮಾಸು ಎಂದು ಬರೆದುಕೊಳ್ಳುತ್ತಾ ನಿಂತಿರುತ್ತಾರೆ. ಇಂಗ್ಲಿಷ್ ಪದಗಳನ್ನು ಒಂದು ವರ್ಷದಲ್ಲಿ ಕಲಿಯಬಹುದು, ಇದನ್ನು ಕಲಿಯಲು ಅದಕ್ಕಿಂತ ಹೆಚ್ಚು ಕಾಲ ಬೇಕು.

ಹೆಣ್ಣುಮಕ್ಕಳ ಕೈಯಲ್ಲಿ ಆಗುತ್ತದೆಯೇ? ದೊಡ್ಡ ಪ್ರಾಣಿಗಳಲ್ಲವೇ?

ಆರುನೂರು ಕಿಲೋ ಎಮ್ಮೆಯ ಎದುರು ಗಂಡಸಿನ ಬಲವೂ ಬಲವಲ್ಲ. ಎಳೆದಾಡಿ ಗೆದ್ದವರು ಯಾರೂ ಇಲ್ಲ.

ಅರಕಲಗೂಡು ಕಡೆ ಒಮ್ಮೆ ಕರು ಹೊರಬರದೆ ಸಿಕ್ಕಿಕೊಂಡಿತ್ತು. ನಾನು ಹೋಗುವುದಕ್ಕೆ ಮೊದಲೇ ನಾಲ್ಕು ಜನ ಗಂಡಸರು ಹೊರಗೆ ಕಾಣುತ್ತಿದ್ದ ಒಂದು ಕಾಲಿಗೆ ಹಗ್ಗ ಕಟ್ಟಿ ಎಳೆದು ಸುಸ್ತಾಗಿ ಕೂತಿದ್ದರು. ಜೊತೆಗಿದ್ದವಳು ಇಂಟರ್ನ್‌ಶಿಪ್ ಮಾಡುತ್ತಿದ್ದ ಹುಡುಗಿ, ಐವತ್ತು ಕಿಲೋ ಕೂಡ ಇರಲಿಲ್ಲ. ಬೆನ್ನುಹುರಿಯ ಬುಡಕ್ಕೆ ಅರಿವಳಿಕೆ ಕೊಟ್ಟು ಹಸುವಿನ ತಿಣುಕಾಟ ನಿಲ್ಲಿಸಿದಳು. ಜಾರಲೆಂದು ಎಣ್ಣೆ ಹಾಕಿ, ಕರುವನ್ನು ಹೊರಕ್ಕೆ ಎಳೆಯುವ ಬದಲು ಒಳಕ್ಕೆ ತಳ್ಳಿದಳು. ಕೂತಿದ್ದವರು "ಅಯ್ಯೋ, ಒಳಗೆ ತಳ್ಳುತ್ತಿದ್ದಾಳಲ್ಲ" ಎಂದು ಎದ್ದು ನಿಂತರು. ಒಳಗೆ ಸ್ವಲ್ಪ ಜಾಗವಾದ ಮೇಲೆ ಮಡಚಿಕೊಂಡಿದ್ದ ಇನ್ನೊಂದು ಮುಂಗಾಲಿನ ಗೊರಸನ್ನು ಗರ್ಭಕೋಶಕ್ಕೆ ತಗುಲದ ಹಾಗೆ ಅಂಗೈಯೊಳಗೆ ಮುಚ್ಚಿ ಹಿಡಿದು, ನಿಧಾನವಾಗಿ ಮುಂದಕ್ಕೆ ತಂದಳು. ಅವಳ ಸಣ್ಣ ಕೈ ಹೋದ ಕಡೆ ನನ್ನ ಕೈ ಹೋಗುತ್ತಿರಲಿಲ್ಲ. ಎರಡೂ ಕಾಲು, ತಲೆ ನೇರವಾದ ಮೇಲೆ ಎಳೆಯಲು ಒಬ್ಬನೇ ಸಾಕಾದ.

ಮನೆಯವರು ನಿಜವಾಗಿ ಯೋಚಿಸಬೇಕಾದದ್ದು ಬೇರೆ. ರಾತ್ರಿ ಕರೆ ಬರುತ್ತದೆ, ತೋಟದ ದಾರಿಯಲ್ಲಿ ಒಬ್ಬಳೇ ಹೋಗಬೇಕಾಗುತ್ತದೆ, ಹಳ್ಳಿಯ ಆಸ್ಪತ್ರೆಯಲ್ಲಿ ಶೌಚಾಲಯ ಇಲ್ಲದಿರಬಹುದು. ಈ ತೊಂದರೆಗಳು ಪ್ರಾಣಿಗಳಿಂದ ಬಂದವಲ್ಲ.

ಎಂಬಿಬಿಎಸ್ ಸಿಗದಿದ್ದರೆ ಇದಕ್ಕೆ ಸೇರಿಸೋಣ ಎಂದಿದ್ದೇವೆ.

ಇದು ಪ್ರಶ್ನೆಯಲ್ಲ, ಆದರೂ ಎಲ್ಲಕ್ಕಿಂತ ಹೆಚ್ಚು ಬಾರಿ ಕೇಳಿದ ಮಾತು. ಹಾಗೆ ಬಂದು ಒಳ್ಳೆಯ ಪಶುವೈದ್ಯರಾದವರು ನನ್ನ ಬ್ಯಾಚಿನಲ್ಲೇ ಇದ್ದಾರೆ. ಆದರೆ ಸೀಟು ಹಿಡಿದು, ವರ್ಷವಿಡೀ ನೀಟ್ ಪುಸ್ತಕ ಓದಿ, ಮುಂದಿನ ಜೂನ್‌ಗೆ ಬಿಟ್ಟು ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಸೀಟು ಅರಸೀಕೆರೆಯ ಯಾವುದೋ ಹುಡುಗನಿಗೆ ಎರಡು ರ‍್ಯಾಂಕಿನಲ್ಲಿ ತಪ್ಪಿರುತ್ತದೆ. ಮತ್ತೊಮ್ಮೆ ನೀಟ್ ಬರೆಯುವ ಮನಸ್ಸಿದ್ದರೆ ಮನೆಯಲ್ಲೇ ಕೂತು ಬರೆಯಿರಿ.

ಮಗಳಿಗೆ ನಾಯಿ, ಬೆಕ್ಕು ಎಂದರೆ ಪ್ರಾಣ. ಅಷ್ಟು ಸಾಕಲ್ಲವೇ?

ಸಾಲದು. ಪ್ರಾಣಿ ಪ್ರೀತಿ ಇರಲಿ, ಆದರೆ ಈ ಕೆಲಸದಲ್ಲಿ ಪ್ರಾಣಿಗೆ ನೋವಾಗುವುದನ್ನು ದಿನವೂ ನೋಡಬೇಕು, ಕೆಲವೊಮ್ಮೆ ನಾವೇ ನೋವು ಕೊಡಬೇಕು. ಉಳಿಯುವುದಿಲ್ಲ ಎಂದಾದಾಗ ದಯಾಮರಣದ ಸೂಜಿ ಕೊಡುವವರೂ ನಾವೇ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಮೈತುಂಬ ಗಂಟೆದ್ದ ಹಸುಗಳನ್ನು ನೋಡಿ ನೋಡಿ ಊಟ ಸೇರುತ್ತಿರಲಿಲ್ಲ. ಅದೇ ಹೊತ್ತಿನಲ್ಲಿ ಎದುರಿಗಿರುವ ಮನೆಯವರ ಮುಖವನ್ನೂ ನೋಡಬೇಕು. ಆ ಹಸುವಿನ ಹಾಲು ಡೇರಿಗೆ ಹೋಗದಿದ್ದರೆ ಅವರಿಗೆ ಆ ವಾರದ ಬಟವಾಡೆ ಇಲ್ಲ. ಮೂರು ಸಾವಿರದ ಔಷಧ ಬರೆಯುವ ಮೊದಲು ಮುನ್ನೂರರಲ್ಲಿ ಆಗುವ ದಾರಿ ಇದೆಯೇ ಎಂದು ಯೋಚಿಸುವವರು ಬೇಕು.

ಅಪಾಯವೂ ಇದೆ. ಹುಚ್ಚು ಹಿಡಿದ ಹಸು ಎಷ್ಟೋ ಸಲ ಗಂಟಲಿಗೆ ಏನೋ ಸಿಕ್ಕಿಕೊಂಡ ಹಾಗೆ ಜೊಲ್ಲು ಸುರಿಸುತ್ತದೆ. ತಿಳಿಯದೆ ಬಾಯೊಳಗೆ ಕೈ ಹಾಕಿದರೆ ಮುಗಿಯಿತು. ಹಾಗಾಗಿ ರೇಬಿಸ್ ಲಸಿಕೆಯನ್ನು ಕಚ್ಚಿಸಿಕೊಳ್ಳುವ ಮೊದಲೇ ಹಾಕಿಸಿಕೊಂಡಿರಬೇಕು. ಕಂದು ಹಾಕಿದ, ಅಂದರೆ ಗರ್ಭ ಹೋದ ಹಸುವಿನ ಸತ್ತೆಯನ್ನು ಬರಿಗೈಯಲ್ಲಿ ತೆಗೆದು ಬ್ರುಸೆಲ್ಲಾ ರೋಗಾಣು ಅಂಟಿಸಿಕೊಂಡ ಹಿರಿಯರೊಬ್ಬರು ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರದಲ್ಲಿ ನರಳಿದ್ದನ್ನು ಕಂಡಿದ್ದೇನೆ. ಅಂದಿನಿಂದ ಗ್ಲೌಸ್ ಇಲ್ಲದೆ ನಾನು ಕೈ ಹಾಕಿಲ್ಲ.

ನಾವು ಸಸ್ಯಾಹಾರಿಗಳು. ಮಾಂಸದ ವಿಷಯ ಓದಲೇಬೇಕೇ?

ಓದಲೇಬೇಕು. ಮಾಂಸದ ತಪಾಸಣೆ, ಮರಣೋತ್ತರ ಪರೀಕ್ಷೆ ಎರಡೂ ಪಠ್ಯದಲ್ಲಿವೆ, ಕೈಯಾರೆ ಮಾಡಬೇಕು. ತಿನ್ನಬೇಕೆಂದು ಯಾರೂ ಹೇಳುವುದಿಲ್ಲ.

ಎಸ್‌ಎಸ್‌ಎಲ್‌ಸಿ ಆದ ಮೇಲೆ ಡಿಪ್ಲೊಮಾ ಮಾಡಿದರೆ ಡಾಕ್ಟರ್ ಆಗುವುದಿಲ್ಲವೇ?

ಇಲ್ಲ. ಪಶುಸಂಗೋಪನೆಯ ಡಿಪ್ಲೊಮಾ ಒಳ್ಳೆಯ ಕೋರ್ಸು. ತಿಪಟೂರಿನ ಹತ್ತಿರ ಕೋನೇಹಳ್ಳಿಯಲ್ಲಿ ಪಾಲಿಟೆಕ್ನಿಕ್ ಇದೆ, ಅರಸೀಕೆರೆ ಕಡೆಯವರಿಗೆ ಕೈಗೆಟುಕುವಷ್ಟು ಹತ್ತಿರ. ಅದನ್ನು ಮಾಡಿದವರು ಇಲಾಖೆಯಲ್ಲಿ, ಹಾಲು ಒಕ್ಕೂಟದಲ್ಲಿ ಕೆಲಸ ಮಾಡುತ್ತಾರೆ. ಅವರಿಲ್ಲದೆ ನಮ್ಮ ಕೈ ಕಾಲು ಆಡುವುದಿಲ್ಲ. ಆದರೆ 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ತಿನ ಕಾಯ್ದೆಯ ಪ್ರಕಾರ ಪದವಿ ಪಡೆದು ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರಷ್ಟೇ ಪಶುವೈದ್ಯರು. ಉಳಿದವರು ಪ್ರಥಮ ಚಿಕಿತ್ಸೆಯಂಥ ಸಣ್ಣ ಸೇವೆಗಳನ್ನು ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ಮಾಡಬಹುದು. ಪದವಿ ಮುಗಿಸಿದವರೂ ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಆಗುವವರೆಗೆ ಸ್ವಂತ ಕ್ಲಿನಿಕ್ ಬೋರ್ಡು ಹಾಕುವಂತಿಲ್ಲ.

ಆನೆಗಳ ಡಾಕ್ಟರ್ ಆಗಬೇಕು ಎನ್ನುತ್ತಾನೆ ಮಗ. ಅದಕ್ಕೆ ಬೇರೆ ಕೋರ್ಸು ಇದೆಯೇ?

ಸಕಲೇಶಪುರ, ಆಲೂರು, ಬೇಲೂರಿನ ಮಕ್ಕಳು ಇದನ್ನು ಕೇಳಿದರೆ ಆಶ್ಚರ್ಯವಿಲ್ಲ, ಅವರ ಮನೆಯ ಹಿಂದೆಯೇ ಆನೆ ನಿಂತಿರುತ್ತದೆ. ಮೊದಲು ಇದೇ ಪದವಿ, ಆನೆಗೆಂದು ಬೇರೆ ಬಾಗಿಲಿಲ್ಲ. ಆಮೇಲೆ ಎರಡು ವರ್ಷದ ಎಂ.ವಿ.ಎಸ್‌ಸಿ.ಯಲ್ಲಿ ವನ್ಯಜೀವಿ, ಶಸ್ತ್ರಚಿಕಿತ್ಸೆ ಅಥವಾ ಮೆಡಿಸಿನ್ ಹಿಡಿದವರು ಆ ಕಡೆ ಹೋಗುತ್ತಾರೆ. ಸಕ್ರೆಬೈಲು, ದುಬಾರೆಯಂಥ ಶಿಬಿರಗಳು, ಮೃಗಾಲಯಗಳು, ಅರಣ್ಯ ಇಲಾಖೆಯ ಕಾರ್ಯಾಚರಣೆಗಳು ಅವರ ಕೆಲಸದ ಜಾಗ. ಹುದ್ದೆಗಳು ಬೆರಳೆಣಿಕೆಯಷ್ಟು. 2023ರ ಡಿಸೆಂಬರ್‌ನಲ್ಲಿ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವಾಗ ದಸರಾ ಆನೆ ಅರ್ಜುನ ಸತ್ತ ಸುದ್ದಿ ಎಲ್ಲರಿಗೂ ನೆನಪಿದೆ. ಅರಿವಳಿಕೆಯ ಮದ್ದು ಹೊಡೆದ ಆನೆ ಎಲ್ಲಿ ಬೀಳುತ್ತದೆ, ಯಾವ ಮಗ್ಗುಲಿಗೆ ಬೀಳುತ್ತದೆ ಎಂದು ಕಾಡಿನಲ್ಲಿ ಓಡುತ್ತಾ ಯೋಚಿಸುವ ಕೆಲಸ ಅದು. ಮಗನಿಗೆ ಇದನ್ನೂ ಹೇಳಿ. ಆಮೇಲೂ ಬೇಕು ಎಂದರೆ ಬೇಡ ಎನ್ನಬೇಡಿ.

ಓದಿದ ಮೇಲೆ ಕೆಲಸ ಸಿಗುತ್ತದೆಯೇ?

ಸಿಗುತ್ತದೆ, ಆದರೆ ಸರ್ಕಾರಿ ಕೆಲಸ ಕ್ಯಾಲೆಂಡರ್ ನೋಡಿಕೊಂಡು ಬರುವುದಿಲ್ಲ. ಪಶುವೈದ್ಯಾಧಿಕಾರಿ ಹುದ್ದೆಗೆ ಲೋಕಸೇವಾ ಆಯೋಗ ಕರೆಯಬೇಕು. 2024ರಲ್ಲಿ 400 ಹುದ್ದೆಗಳಿಗೆ ಕರೆಯಿತು; ಅದಕ್ಕೆ ಮೊದಲು ಗುತ್ತಿಗೆಯಲ್ಲೇ ವರ್ಷಗಳನ್ನು ಕಳೆದವರಿದ್ದರು. 1962ಕ್ಕೆ ಕರೆ ಮಾಡಿದರೆ ಮನೆ ಬಾಗಿಲಿಗೆ ಬರುವ ಸಂಚಾರಿ ಚಿಕಿತ್ಸಾ ವಾಹನಗಳಲ್ಲೂ ಹೊಸಬರು ಕೆಲಸ ಮಾಡುತ್ತಿದ್ದಾರೆ. ಹಾಸನ ಹಾಲು ಒಕ್ಕೂಟ ಹಾಸನ, ಚಿಕ್ಕಮಗಳೂರು, ಕೊಡಗು ಮೂರಕ್ಕೂ ಸೇರಿದ್ದು, ಅಲ್ಲಿ ಪಶುವೈದ್ಯರು ಬೇಕು. ಕೋಳಿ ಕಂಪನಿ, ಲಸಿಕೆ ಮತ್ತು ಔಷಧ ಕಂಪನಿ, ಬ್ಯಾಂಕಿನ ಕೃಷಿ ಅಧಿಕಾರಿ ಹುದ್ದೆ, ಸೇನೆಯ ರಿಮೌಂಟ್ ವೆಟರ್ನರಿ ಕೋರ್, ಬೆಂಗಳೂರಿನ ನಾಯಿ ಬೆಕ್ಕಿನ ಕ್ಲಿನಿಕ್ಕುಗಳು ಇವೆ. ಸಂಶೋಧನೆಯ ಕಡೆ ಒಲವಿದ್ದರೆ ಪ್ರಾಣಿರೋಗಗಳ ಅಧ್ಯಯನ ನಡೆಸುವ ಯಲಹಂಕದ ನಿವೇದಿ ಸಂಸ್ಥೆ, ಬರೇಲಿ ಹತ್ತಿರದ ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಇವೆ. ಮಂಗನ ಕಾಯಿಲೆ ಕೊಪ್ಪ, ನರಸಿಂಹರಾಜಪುರದ ಕಡೆ ಜನರನ್ನು ಕಾಡುತ್ತಿರುವಾಗ ಪ್ರಾಣಿಯಿಂದ ಮನುಷ್ಯರಿಗೆ ಬರುವ ರೋಗಗಳನ್ನು ಓದಿದವರಿಗೆ ನಮ್ಮ ಮಲೆನಾಡಿನಲ್ಲೇ ಕೆಲಸವಿದೆ. ಅಜ್ಜಂಪುರದ ಅಮೃತ್ ಮಹಲ್ ತಳಿ ಕೇಂದ್ರವನ್ನೋ ಮಲೆನಾಡು ಗಿಡ್ಡ ತಳಿಯನ್ನೋ ನೋಡಿ ತಳಿಶಾಸ್ತ್ರ ಹಿಡಿದವರೂ ಇದ್ದಾರೆ.

ಖರ್ಚು ಎಷ್ಟಾಗುತ್ತದೆ?

ಶುಲ್ಕದ ಪಟ್ಟಿಯನ್ನು ಆಯಾ ವರ್ಷ ಕೆಇಎ ಪ್ರಕಟಿಸುತ್ತದೆ. ಸರ್ಕಾರಿ ಸೀಟಾದ್ದರಿಂದ ಜಮೀನು ಮಾರುವ ಪ್ರಸಂಗ ಬರುವುದಿಲ್ಲ. ಹಾಸ್ಟೆಲು, ಊಟ, ಪುಸ್ತಕ, ಏಪ್ರನ್, ಗಮ್‌ಬೂಟು ಇವಕ್ಕೆ ಬೇರೆ ಇಟ್ಟುಕೊಳ್ಳಿ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಆಧಾರ್‌ಗೆ ಜೋಡಿಸಿದ ಬ್ಯಾಂಕ್ ಖಾತೆ ಮಗುವಿನ ಹೆಸರಿನಲ್ಲಿರಬೇಕು, ಅಪ್ಪನ ಹೆಸರಿನಲ್ಲಲ್ಲ. ಇಂಟರ್ನ್‌ಶಿಪ್ ವರ್ಷದಲ್ಲಿ ಭತ್ಯೆ ಬರುತ್ತದೆ.

ಈಗ ಪ್ರಥಮ ಪಿಯುಸಿ. ಈ ರಜೆಯಲ್ಲಿ ಏನು ಮಾಡಲಿ?

ಹತ್ತಿರದ ಪಶು ಆಸ್ಪತ್ರೆಗೆ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ. "ಒಂದು ವಾರ ನಿಂತು ನೋಡಬಹುದೇ ಸಾರ್" ಎಂದು ಅಲ್ಲಿನ ವೈದ್ಯರನ್ನು ಕೇಳಿ. ಬೇಡ ಎನ್ನುವವರು ಕಡಿಮೆ, ಬಾಲ ಹಿಡಿಯಲು ಒಬ್ಬರು ನಮಗೆ ಯಾವಾಗಲೂ ಬೇಕು. ಹಸುವಿನ ಹಿಂದೆ ನೇರವಾಗಿ ನಿಲ್ಲಬೇಡಿ. ಹತ್ತಿರ ಹೋಗುವಾಗ ಮಾತಾಡಿಸುತ್ತಾ ಹೋಗಿ, ಥಟ್ಟನೆ ಮುಟ್ಟಬೇಡಿ. ಒಂದು ಥರ್ಮಾಮೀಟರ್ ಇಟ್ಟುಕೊಂಡು ಮನೆಯ ಹಸುವಿನ ಉಷ್ಣತೆಯನ್ನು ಬೆಳಿಗ್ಗೆ, ಸಂಜೆ ಬರೆದಿಡಿ, ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, ಮಧ್ಯಾಹ್ನ ಬಿಸಿಲಿನಲ್ಲಿ ಕಟ್ಟಿದ್ದರೆ ಸ್ವಲ್ಪ ಏರುತ್ತದೆ. ನಿಮಿಷಕ್ಕೆ ಎಷ್ಟು ಉಸಿರು, ಒಂದು ತುತ್ತನ್ನು ಎಷ್ಟು ಸಲ ಮೆಲುಕು ಹಾಕುತ್ತದೆ ಎಂದು ಎಣಿಸಿ. ಹಳೆಯ ಬಟ್ಟೆ ಹಾಕಿಕೊಂಡು ಹೋಗಿ, ಬಿಳಿ ಅಂಗಿ ಬೇಡ.